ಬಿಟಿ ಹತ್ತಿಯ ಕಾಳು ಎತ್ತಿಟ್ಟುಕೊಂಡರೆ ಕೇಸು ಬೀಳುತ್ತದೆಯೇ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆ. ಆರು ಎಕರೆ ಎರೆಭೂಮಿ, ಮಳೆಯಾಶ್ರಯ. ಹದಿನೈದು ವರ್ಷದಿಂದ ಬಿಟಿ ಹತ್ತಿ ಹಾಕುತ್ತಿದ್ದೇವೆ. ಪ್ರತಿ ಮುಂಗಾರಿಗೂ ಅಂಗಡಿಗೆ ಹೋಗಿ ಪ್ಯಾಕೆಟ್ ತರಬೇಕು. ಈ ಸಲ ನಮ್ಮ ಹೊಲದ ಕಾಳನ್ನೇ ಉಳಿಸಿ ಬಿತ್ತೋಣ ಎಂದುಕೊಂಡರೆ ಅಂಗಡಿಯವರು, "ಅದು ಪೇಟೆಂಟ್ ಬೀಜ, ಕಂಪನಿಯವರು ಕೋಟಿಗಟ್ಟಲೆ ಕೇಸ್ ಹಾಕುತ್ತಾರೆ, ಗುಜರಾತಿನ ಆಲೂಗಡ್ಡೆ ರೈತರ ಗತಿ ಗೊತ್ತಿಲ್ಲವೇ" ಎಂದು ಹೆದರಿಸಿದರು. ಊರಿನ ಹಿರಿಯರು, ಅದು ಟರ್ಮಿನೇಟರ್ ಬೀಜ, ಬಿತ್ತಿದರೆ ಹುಟ್ಟುವುದೇ ಇಲ್ಲ ಎನ್ನುತ್ತಾರೆ. ಈ ನಡುವೆ ಒಬ್ಬರು, ಕಳೆನಾಶಕ ಹೊಡೆದರೂ ಸಾಯದ ಹತ್ತಿ ಬೀಜವಿದೆ ಎಂದು ಬಿಲ್ ಇಲ್ಲದೆ ಕೊಡಲು ಬಂದಿದ್ದಾರೆ. ಯಾವುದು ನಿಜ? ನಾವು ಕೊಡುವ ದುಡ್ಡಿನಲ್ಲಿ ವಿದೇಶಿ ಕಂಪನಿಗೆ ಎಷ್ಟು ಹೋಗುತ್ತದೆ? ಬೀಜಕ್ಕೆ ಪೇಟೆಂಟ್ ಕೊಡುವುದೇ ನ್ಯಾಯವೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಭಯಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ನಿಮ್ಮದೇ ಹೊಲದಲ್ಲಿ ಬೆಳೆದ ಹತ್ತಿಯ ಕಾಳನ್ನು ಉಳಿಸಿ ನಿಮ್ಮದೇ ಹೊಲದಲ್ಲಿ ಬಿತ್ತಿದ್ದಕ್ಕೆ ನಮ್ಮ ದೇಶದಲ್ಲಿ ಯಾವ ಬೀಜ ಕಂಪನಿಯೂ ನಿಮ್ಮ ಮೇಲೆ ಪೇಟೆಂಟ್ ಕೇಸು ಹಾಕಿ ಗೆಲ್ಲಲಾರದು. ಆದರೂ ಆ ಕಾಳನ್ನು ಬಿತ್ತಬೇಡಿ. ಕಾರಣ ಕಾನೂನಿನದಲ್ಲ, ಆ ಕಾಳಿನದೇ. ನಿಮ್ಮನ್ನು ವರ್ಷವರ್ಷ ಅಂಗಡಿಗೆ ಎಳೆಯುತ್ತಿರುವುದು ಪೇಟೆಂಟ್ ಅಲ್ಲ, ಹೈಬ್ರಿಡ್, ಅಂದರೆ ಎರಡು ಬೇರೆ ತಳಿಗಳನ್ನು ಕೂಡಿಸಿ ಮಾಡಿದ ಬೀಜ.

ಆಲೂಗಡ್ಡೆಯ ಮಾತನ್ನು ಮೊದಲು ಮುಗಿಸೋಣ. 2019ರಲ್ಲಿ ಪೆಪ್ಸಿಕೋ ಕಂಪನಿ ಗುಜರಾತಿನ ಕೆಲವು ರೈತರ ಮೇಲೆ, ತಲೆಗೆ ಕೋಟಿ ರೂಪಾಯಿಗೂ ಮೀರಿದ ಪರಿಹಾರ ಕೇಳಿ ಮೊಕದ್ದಮೆ ಹೂಡಿದ್ದು ನಿಜ. ಆದರೆ ಅದು ಪೇಟೆಂಟ್ ಪ್ರಕರಣವಾಗಿರಲಿಲ್ಲ, ಕುಲಾಂತರಿ (ಬೇರೆ ಜೀವಿಯ ವಂಶವಾಹಿ ಸೇರಿಸಿದ) ಬೆಳೆಯದ್ದೂ ಅಲ್ಲ. ಎಫ್‌ಎಲ್ 2027 ಎಂಬ ಆಲೂಗಡ್ಡೆ ತಳಿಯನ್ನು ಕಂಪನಿ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ನೋಂದಾಯಿಸಿತ್ತು. ದೇಶದಾದ್ಯಂತ ಟೀಕೆ ಎದ್ದಮೇಲೆ ಅದೇ ವರ್ಷದ ಮೇ ತಿಂಗಳಲ್ಲಿ ಕೇಸುಗಳನ್ನು ಹಿಂತೆಗೆದುಕೊಂಡಿತು. 2021ರ ಡಿಸೆಂಬರ್‌ನಲ್ಲಿ ತಳಿ ಪ್ರಾಧಿಕಾರ ಆ ನೋಂದಣಿಯನ್ನೇ ರದ್ದು ಮಾಡಿತು, 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಕಂಪನಿಯ ಪರ ತೀರ್ಪು ಕೊಟ್ಟಿತು. ಅಂದರೆ ನೋಂದಣಿಯ ಜಗಳ ಕಂಪನಿಯ ಕಡೆ ವಾಲಿದೆ. ಆದರೆ ರೈತರ ಹಕ್ಕನ್ನು ಹೇಳುವ 39ನೇ ಕಲಂ ಅಲ್ಲಾಡಿಲ್ಲ. ರೈತ ತನ್ನ ಬೆಳೆಯ ಬೀಜವನ್ನು ಉಳಿಸಬಹುದು, ಬಿತ್ತಬಹುದು, ಮರುಬಿತ್ತಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಮಾರಲೂಬಹುದು. ತಳಿ ನೋಂದಣಿಯಾಗಿದ್ದರೂ ಸರಿ. ಒಂದೇ ನಿರ್ಬಂಧ: ಪ್ಯಾಕ್ ಮಾಡಿ, ಲೇಬಲ್ ಹಚ್ಚಿ, ಆ ತಳಿಯ ಬ್ರ್ಯಾಂಡ್ ಬೀಜವೆಂದು ಮಾರುವಂತಿಲ್ಲ. ಈ ಕಲಂ ಗೊತ್ತಿರುವ ರೈತನ ಮುಂದೆ ಅಂಗಡಿಯವರ ದನಿ ತಾನಾಗಿ ಇಳಿಯುತ್ತದೆ.

ಇನ್ನು ಪೇಟೆಂಟ್. ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಜೆ) ಕಲಂ ಪ್ರಕಾರ ಗಿಡ, ಗಿಡದ ಭಾಗ, ಬೀಜ, ತಳಿ ಇವಾವುದಕ್ಕೂ ಪೇಟೆಂಟ್ ಸಿಗುವುದಿಲ್ಲ. ಸೂಕ್ಷ್ಮಜೀವಿಗಳಿಗೆ ಮಾತ್ರ ವಿನಾಯಿತಿ. ಹಾಗಾದರೆ ಬಿಟಿ ಹತ್ತಿಗೆ ಪೇಟೆಂಟ್ ಬಂದದ್ದು ಹೇಗೆ? ಬೀಜಕ್ಕೆ ಬಂದದ್ದಲ್ಲ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಬಿಟಿ) ಎಂಬ ಮಣ್ಣಿನ ಬ್ಯಾಕ್ಟೀರಿಯಾದ, ಕಾಯಿಕೊರಕ ಹುಳಕ್ಕೆ ವಿಷ ತಯಾರಿಸುವ ವಂಶವಾಹಿಯನ್ನು ಗಿಡದೊಳಗೆ ಕೆಲಸ ಮಾಡುವಂತೆ ಮಾರ್ಪಡಿಸಿದ ಡಿಎನ್‌ಎ ತುಣುಕಿಗೆ ಮತ್ತು ಆ ವಿಧಾನಕ್ಕೆ ಬಂದದ್ದು. ಅಮೆರಿಕದ ಮಾನ್ಸಾಂಟೋ ಕಂಪನಿಯ ಆ ಪೇಟೆಂಟಿನ ಸಂಖ್ಯೆ 214436. 2008ರಲ್ಲಿ ಮಂಜೂರಾಯಿತು, ಬೋಲ್‌ಗಾರ್ಡ್-2 (ಬಿಜಿ-2) ಎಂಬ ಅದರ ಬಿಟಿ ತಂತ್ರಜ್ಞಾನಕ್ಕೆ ಸಂಬಂಧಿಸಿದ್ದು. ಅವಧಿ ಎಣಿಸುವುದು ಅರ್ಜಿ ಹಾಕಿದ ದಿನದಿಂದ, ಇಪ್ಪತ್ತು ವರ್ಷ. ಅದು 2019ರ ನವೆಂಬರ್‌ನಲ್ಲಿ ಮುಗಿದೇ ಹೋಗಿದೆ. 2002ರಲ್ಲಿ ಮೊದಲು ಬಂದ ಬೋಲ್‌ಗಾರ್ಡ್-1ಕ್ಕಂತೂ ಭಾರತದಲ್ಲಿ ಪೇಟೆಂಟೇ ಇರಲಿಲ್ಲ. ಇವತ್ತು ಅಂಗಡಿಯಲ್ಲಿ ನಿಮಗೆ ಸಿಗುವ ಬಿಜಿ-2 ಪ್ಯಾಕೆಟ್ಟಿನಲ್ಲಿ ಜಾರಿಯಲ್ಲಿರುವ ಆ ಪೇಟೆಂಟಿನ ಲವಲೇಶವೂ ಇಲ್ಲ.

ಡಿಎನ್‌ಎ ತುಣುಕಿಗೆ ಪೇಟೆಂಟ್ ಇದ್ದರೆ ಅದು ಸೇರಿಕೊಂಡ ಬೀಜದ ಮೇಲೂ ಹಕ್ಕು ಬರುತ್ತದೆಯೇ ಎಂಬುದು ಇಡೀ ವ್ಯಾಜ್ಯದ ಗಂಟು. ನುಜಿವೀಡು ಸೀಡ್ಸ್ ಎಂಬ ಬೀಜ ಕಂಪನಿ ಮತ್ತು ಮಾನ್ಸಾಂಟೋ ನಡುವೆ ರಾಯಲ್ಟಿ (ತಂತ್ರಜ್ಞಾನ ಬಳಸುವುದಕ್ಕೆ ಕೊಡುವ ಶುಲ್ಕ) ಜಗಳ ಶುರುವಾಗಿ, 2018ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 3(ಜೆ) ಆಧಾರದ ಮೇಲೆ ಪೇಟೆಂಟನ್ನು ರದ್ದು ಮಾಡಿತು. 2019ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ಬದಿಗಿಟ್ಟಿತು. ಪೇಟೆಂಟ್ ಸರಿಯೆಂದು ಹೇಳಿ ಬದಿಗಿಟ್ಟದ್ದಲ್ಲ. ತಾಂತ್ರಿಕ ಸಾಕ್ಷ್ಯ ನೋಡದೆ ರದ್ದು ಮಾಡುವಂತಿಲ್ಲ, ವಿಚಾರಣೆ ನಡೆಯಲಿ ಎಂದು ಏಕಸದಸ್ಯ ಪೀಠಕ್ಕೆ ಮರಳಿಸಿತು. ಪತ್ರಿಕೆಗಳಲ್ಲಿ "ಮಾನ್ಸಾಂಟೋಗೆ ಜಯ" ಎಂದು ಬಂದದ್ದನ್ನೇ ಅಂಗಡಿಯವರು ಓದಿರಬೇಕು. ವಿಚಾರಣೆ ಮುಗಿಯುವ ಮೊದಲೇ 2021ರಲ್ಲಿ ಎರಡೂ ಕಡೆಯವರು ರಾಜಿಯಾದರು. ಹೀಗಾಗಿ ಆ ಮೂಲ ಪ್ರಶ್ನೆಗೆ ನಮ್ಮ ಸರ್ವೋಚ್ಚ ನ್ಯಾಯಾಲಯದ ಉತ್ತರ ಇನ್ನೂ ಬಂದಿಲ್ಲ. ಇಷ್ಟೆಲ್ಲದರಲ್ಲಿ ರೈತ ಎಲ್ಲಿಯೂ ಪ್ರತಿವಾದಿಯಾಗಿರಲಿಲ್ಲ ಎಂಬುದನ್ನು ಗಮನಿಸಿ. ಅದು ಕಂಪನಿ ಕಂಪನಿಗಳ ಜಗಳ.

ರೈತನ ಮೇಲೇ ಕೇಸು ಬಿದ್ದದ್ದು ಅಮೆರಿಕದಲ್ಲಿ, ಕೆನಡಾದಲ್ಲಿ. ಇಂಡಿಯಾನಾ ರಾಜ್ಯದ ವರ್ನನ್ ಬೋಮನ್ ಎಂಬ ರೈತ ಧಾನ್ಯದ ಗೋದಾಮಿನಿಂದ ಮಾಮೂಲಿ ಸೋಯಾಬೀನ್ ಕೊಂಡು ಎರಡನೇ ಬೆಳೆಗೆ ಬಿತ್ತಿದ. ಕಳೆನಾಶಕ ಹೊಡೆದು, ಸಾಯದೆ ಉಳಿದ, ಅಂದರೆ ಮಾನ್ಸಾಂಟೋದ ಪೇಟೆಂಟ್ ಗುಣವಿದ್ದ ಗಿಡಗಳ ಬೀಜ ಎತ್ತಿಟ್ಟುಕೊಂಡ. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವನ ವಿರುದ್ಧ ತೀರ್ಪು ಕೊಟ್ಟಿತು. ದಂಡ 84,456 ಡಾಲರ್. ಕೆನಡಾದ ರೈತ ಪರ್ಸಿ ಶ್ಮೈಸರ್ ಪ್ರಕರಣವನ್ನು ನಮ್ಮಲ್ಲಿ "ಗಾಳಿಗೆ ಪರಾಗ ಹಾರಿಬಂದದ್ದಕ್ಕೆ ದಂಡ ಹಾಕಿದರು" ಎಂದು ಹೇಳುವುದುಂಟು. ಅದು ಅರ್ಧ ಸತ್ಯ. ಮೊದಲು ಬೀಜ ಹೇಗೆ ಬಂತೋ ಏನೋ, ಆದರೆ ಅವರು ಕಳೆನಾಶಕಕ್ಕೆ ಬದುಕುಳಿದ ಗಿಡಗಳ ಬೀಜ ಉಳಿಸಿ ಸುಮಾರು ಸಾವಿರ ಎಕರೆಗೆ ಬಿತ್ತಿದ್ದರು. 2004ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ಉಲ್ಲಂಘನೆ ಆಗಿದೆ ಎಂದಿತು, ಆದರೆ ಕಂಪನಿಗೆ ಒಂದು ಡಾಲರ್ ಪರಿಹಾರವನ್ನೂ ಕೊಡಿಸಲಿಲ್ಲ. ಆ ದೇಶಗಳಲ್ಲಿ ಬೀಜ ಕೊಳ್ಳುವಾಗಲೇ ರೈತ ಒಪ್ಪಂದಕ್ಕೆ ಸಹಿ ಹಾಕುತ್ತಾನೆ, ಬೀಜ ಉಳಿಸುವುದಿಲ್ಲವೆಂದು. ನೀವು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. 39ನೇ ಕಲಮಿನಂಥ ರಕ್ಷಣೆ ಅಲ್ಲಿನ ಪೇಟೆಂಟ್ ಕಾನೂನಿನಲ್ಲಿಲ್ಲ.

ಟರ್ಮಿನೇಟರ್ ಎಂಬ ಹೆದರಿಕೆ ಎಲ್ಲಿಂದ ಬಂತು

ಊರಿನ ಹಿರಿಯರು ಇದನ್ನು ಕನಸು ಕಂಡು ಹೇಳುತ್ತಿಲ್ಲ. 1998ರ ಮಾರ್ಚ್‌ನಲ್ಲಿ ಅಮೆರಿಕದ ಕೃಷಿ ಇಲಾಖೆ ಮತ್ತು ಡೆಲ್ಟಾ ಅಂಡ್ ಪೈನ್ ಲ್ಯಾಂಡ್ ಎಂಬ ಹತ್ತಿ ಬೀಜ ಕಂಪನಿಗೆ, ಎರಡನೇ ಪೀಳಿಗೆಯ ಬೀಜ ಮೊಳೆಯದಂತೆ ಮಾಡುವ ವಿಧಾನಕ್ಕೆ ಪೇಟೆಂಟ್ ಸಿಕ್ಕಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗ ನಡೆದಿದ್ದ ಹೊಲಗಳಿಗೆ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ಬೆಂಕಿ ಹಚ್ಚಿತು. ಎರಡೂ ಸುದ್ದಿ ಒಟ್ಟೊಟ್ಟಿಗೆ ಬಂದು ಜನರ ಮನಸ್ಸಿನಲ್ಲಿ ಒಂದೇ ಆಗಿಬಿಟ್ಟವು. ಆದರೆ ಆ ಹೊಲಗಳಲ್ಲಿದ್ದದ್ದು ಬೋಲ್‌ಗಾರ್ಡ್, ಟರ್ಮಿನೇಟರ್ ಅಲ್ಲ. ಟರ್ಮಿನೇಟರ್ ಬೀಜ ಜಗತ್ತಿನ ಯಾವ ಮಾರುಕಟ್ಟೆಗೂ ಬರಲಿಲ್ಲ. 1999ರಲ್ಲಿ ಮಾನ್ಸಾಂಟೋ ಅದನ್ನು ಬಳಸುವುದಿಲ್ಲ ಎಂದು ಘೋಷಿಸಿತು, ಜೀವವೈವಿಧ್ಯ ಒಪ್ಪಂದದ ದೇಶಗಳು 2000ದಲ್ಲಿ ತಡೆ ಹಾಕಿದವು, ನಮ್ಮ ತಳಿ ಕಾಯ್ದೆಯಂತೂ ಅಂಥ ತಂತ್ರಜ್ಞಾನವಿರುವ ತಳಿಯ ನೋಂದಣಿಯನ್ನೇ ನಿಷೇಧಿಸಿದೆ. ನಿಮ್ಮ ಹೊಲದ ಬಿಟಿ ಕಾಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ನೋಡಿ, ಚೆನ್ನಾಗಿ ಮೊಳೆಯುತ್ತದೆ.

ಮೊಳೆತ ಮೇಲೆ ಏನಾಗುತ್ತದೆ ಎಂಬುದೇ ಸಮಸ್ಯೆ. ಬಿಜಿ-2ರಲ್ಲಿ ಕ್ರೈ1ಎಸಿ ಮತ್ತು ಕ್ರೈ2ಎಬಿ ಎಂಬ ಎರಡು ವಂಶವಾಹಿಗಳಿವೆ. ಮೊದಲನೆಯದು ಇದ್ದ ಗಿಡಕ್ಕೆ ಎರಡನೆಯದನ್ನು ಆಮೇಲೆ ಸೇರಿಸಿದ್ದು. ಅವು ಬೇರೆ ಬೇರೆ ಜಾಗದಲ್ಲಿ ಕೂತಿವೆ. ನಮ್ಮ ಹೆಚ್ಚಿನ ಹೈಬ್ರಿಡ್‌ಗಳಲ್ಲಿ ಇವು ಗಂಡು-ಹೆಣ್ಣು ಎರಡರಲ್ಲಿ ಒಂದೇ ಕಡೆಯಿಂದ ಬಂದಿರುತ್ತವೆ. ಹಾಗಾಗಿ ಮುಂದಿನ ಪೀಳಿಗೆಯಲ್ಲಿ ಹದಿನಾರು ಗಿಡಕ್ಕೆ ಒಂಬತ್ತರಲ್ಲಿ ಮಾತ್ರ ಎರಡೂ ಇರುತ್ತವೆ, ಮೂರರಲ್ಲಿ ಮೊದಲನೆಯದು ಮಾತ್ರ, ಮೂರರಲ್ಲಿ ಎರಡನೆಯದು ಮಾತ್ರ, ಒಂದರಲ್ಲಿ ಏನೂ ಇರುವುದಿಲ್ಲ. ಮೂರಡಿಗೆ ಮೂರಡಿ ಲೆಕ್ಕದಲ್ಲಿ ಎಕರೆಗೆ 4,840 ಗಿಡ ಎಂದಿಟ್ಟುಕೊಳ್ಳಿ. ಉಳಿಸಿದ ಕಾಳು ಬಿತ್ತಿದರೆ ಸುಮಾರು 300 ಗಿಡಕ್ಕೆ ಯಾವ ರಕ್ಷಣೆಯೂ ಇಲ್ಲ, 1,800ಕ್ಕೆ ಅರ್ಧ ರಕ್ಷಣೆ. ಇದರ ಜೊತೆಗೆ ಹೈಬ್ರಿಡ್ ಗುಣವೇ ಒಡೆಯುತ್ತದೆ: ಒಂದು ಗಿಡ ಎದೆಮಟ್ಟ, ಪಕ್ಕದ್ದು ಮೊಣಕಾಲುಮಟ್ಟ, ಒಂದು ದಸರೆಗೆ ಬಿಡಿಸಲು ಬಂದರೆ ಇನ್ನೊಂದು ಸಂಕ್ರಾಂತಿಗೆ, ಎಳೆಯ ಉದ್ದ ಒಂದೇ ಸಮ ಇಲ್ಲದೆ ಮಾರುಕಟ್ಟೆಯಲ್ಲಿ ದರ ಮುರಿಯುತ್ತಾರೆ. ಇದಕ್ಕೆ ಯಾವ ಕಾನೂನೂ ಪರಿಹಾರ ಕೊಡುವುದಿಲ್ಲ.

ಈ ಗುಣವಿಭಜನೆ ಇನ್ನೂ ಒಂದು ಕಡೆ ನಡೆಯುತ್ತದೆ, ಅದನ್ನು ಹೆಚ್ಚು ಜನ ಗಮನಿಸಿಲ್ಲ. ಅಂಗಡಿಯಿಂದ ತಂದ ಅಪ್ಪಟ ಬಿಜಿ-2 ಗಿಡದ ಕಾಯೊಳಗೆ ಬೆಳೆಯುವ ಕಾಳು ಈಗಾಗಲೇ ಎರಡನೇ ಪೀಳಿಗೆ. ಒಂದು ಕಾಯಲ್ಲಿ ಸುಮಾರು 30 ಕಾಳಿದ್ದರೆ ಅದರಲ್ಲಿ ಒಂದೆರಡಕ್ಕೆ ವಿಷವೇ ಇರುವುದಿಲ್ಲ, ಹತ್ತು ಹನ್ನೊಂದಕ್ಕೆ ಒಂದೇ ವಿಷ. ಹಸಿರು ಕಾಯಿಕೊರಕ ಮೊಗ್ಗು, ಕಾಯಿಯ ಸಿಪ್ಪೆ ತಿನ್ನುತ್ತದೆ, ಅದು ತಾಯಿಗಿಡದ ಭಾಗ, ವಿಷ ಪೂರ್ತಿ ಇರುತ್ತದೆ. ಗುಲಾಬಿ ಕಾಯಿಕೊರಕ ಹಾಗಲ್ಲ, ಕಾಯೊಳಗೆ ಹೊಕ್ಕು ಕಾಳಿನಿಂದ ಕಾಳಿಗೆ ದಾಟುತ್ತದೆ. ಅರೆಬರೆ ವಿಷ ತಿಂದು ಬದುಕುವ ಅವಕಾಶವನ್ನು ನಾವೇ ಪ್ರತಿ ಕಾಯಲ್ಲೂ ಜೋಡಿಸಿಟ್ಟಿದ್ದೇವೆ. ಗುಜರಾತಿನಲ್ಲಿ 2009ರ ಹೊತ್ತಿಗೆ ಬಿಜಿ-1ಕ್ಕೆ ಅದು ನಿರೋಧಕತೆ ಬೆಳೆಸಿಕೊಂಡಿತು. ಮುಂದಿನ ಐದಾರು ವರ್ಷಗಳಲ್ಲಿ ಬಿಜಿ-2ಕ್ಕೂ. ಚೀನಾ, ಅಮೆರಿಕ, ಆಸ್ಟ್ರೇಲಿಯಾದಲ್ಲಿ ಬಿಟಿ ಹತ್ತಿ ಬಹುಪಾಲು ನೇರ ತಳಿ (ಬೀಜ ಉಳಿಸಿ ಬಿತ್ತಿದರೂ ಗುಣ ಒಡೆಯದ ತಳಿ), ಹೈಬ್ರಿಡ್ ಅಲ್ಲ. ಇಷ್ಟು ದೊಡ್ಡ ಪ್ರಮಾಣದಲ್ಲಿ ಬಿಟಿಯನ್ನು ಹೈಬ್ರಿಡ್‌ನೊಳಗೇ ಕೂರಿಸಿದ್ದು ಭಾರತ. ಏಕೆಂದರೆ ಹೈಬ್ರಿಡ್ ಆದರೆ ರೈತ ಬೀಜ ಉಳಿಸಲಾರ. ಪೇಟೆಂಟ್ ಇಲ್ಲದೆಯೂ ಪ್ರತಿವರ್ಷ ಮಾರಾಟ ಖಾತ್ರಿ.

ಹೈಬ್ರಿಡ್ ಹತ್ತಿ ವಿದೇಶಿ ಕಂಪನಿಗಳು ತಂದದ್ದಲ್ಲ ಎಂಬುದನ್ನೂ ಹೇಳಬೇಕು. 1970ರಲ್ಲಿ ಸೂರತ್‌ನಿಂದ ಎಚ್-4 ಬಂತು. 1972ರಲ್ಲಿ ಧಾರವಾಡದಿಂದ ಡಾ. ಬಿ.ಎಚ್. ಕಟರ್ಕಿಯವರ ವರಲಕ್ಷ್ಮಿ, ಆಮೇಲೆ ಡಿಸಿಎಚ್-32, ಅಂದರೆ ನಿಮ್ಮ ತಂದೆಯವರ ಕಾಲದ ಜಯಲಕ್ಷ್ಮಿ. ಎಲ್ಲವೂ ಸರ್ಕಾರಿ ಸಂಶೋಧನೆ. ಆ ಹಾದಿಯಲ್ಲೇ ಖಾಸಗಿ ಕಂಪನಿಗಳು ನಡೆದವು.

ಪ್ಯಾಕೆಟ್ಟಿನ ದುಡ್ಡು ಯಾರಿಗೆ ಹೋಗುತ್ತದೆ

ಶುರುವಿನ ವರ್ಷಗಳಲ್ಲಿ 450 ಗ್ರಾಂ ಪ್ಯಾಕೆಟ್ಟಿಗೆ 1,600ರಿಂದ 1,850 ರೂಪಾಯಿವರೆಗೆ ಇತ್ತು. ಅದರಲ್ಲಿ ಸುಮಾರು 1,250 ರೂಪಾಯಿ ತಂತ್ರಜ್ಞಾನ ಶುಲ್ಕ. ಪೇಟೆಂಟೇ ಇಲ್ಲದ ಬಿಜಿ-1ಕ್ಕೆ ಈ ಶುಲ್ಕ ಎಂಬುದನ್ನು ಮರೆಯಬೇಡಿ. ಮಾನ್ಸಾಂಟೋ ಮತ್ತು ಭಾರತದ ಬೀಜ ಕಂಪನಿ ಮಹಿಕೋ ಕೂಡಿ ಕಟ್ಟಿದ ಜಂಟಿ ಕಂಪನಿ ಇತರ ಬೀಜ ಕಂಪನಿಗಳೊಡನೆ ಮಾಡಿಕೊಂಡ ಖಾಸಗಿ ಕರಾರಿನಿಂದಲೇ ಅದನ್ನು ವಸೂಲು ಮಾಡಲಾಯಿತು. ಜೈವಿಕ ಸುರಕ್ಷತೆಯ ಅನುಮೋದನೆ ಆಗ ಒಬ್ಬರ ಕೈಯಲ್ಲಿ ಮಾತ್ರ ಇತ್ತು. ಪೇಟೆಂಟ್ ಮಾಡುವ ಕೆಲಸವನ್ನು ಅನುಮೋದನೆಯೇ ಮಾಡಿತು. 2006ರಲ್ಲಿ ಆಂಧ್ರಪ್ರದೇಶ ಸರ್ಕಾರ ಏಕಸ್ವಾಮ್ಯ ವ್ಯಾಪಾರ ತಡೆ ಆಯೋಗಕ್ಕೆ ಹೋಗಿ, ದರವನ್ನು 750ಕ್ಕೆ ಇಳಿಸಿತು. ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು.

2015ರ ಡಿಸೆಂಬರ್‌ನ ಹತ್ತಿ ಬೀಜ ಬೆಲೆ ನಿಯಂತ್ರಣ ಆದೇಶದ ನಂತರ ಕೇಂದ್ರ ಸರ್ಕಾರವೇ ದರ ಗೊತ್ತುಮಾಡುತ್ತದೆ. 2016ರಲ್ಲಿ ಬಿಜಿ-2 ಪ್ಯಾಕೆಟ್ಟಿಗೆ 800 ರೂ., ಅದರಲ್ಲಿ ತಂತ್ರಜ್ಞಾನ ಶುಲ್ಕ 49. 2018ರಲ್ಲಿ 740ಕ್ಕೆ 39. 2019ರಲ್ಲಿ 730ಕ್ಕೆ 20. 2020ರಲ್ಲಿ ಶುಲ್ಕ ಸೊನ್ನೆ, ಆದರೂ ಪ್ಯಾಕೆಟ್ 730ರಲ್ಲೇ ನಿಂತಿತು. ಆಮೇಲೆ ಏರುತ್ತ 2024ರಲ್ಲಿ 864, 2025ರಲ್ಲಿ 901. ಹಾಗಾಗಿ "ವಿದೇಶಿ ಕಂಪನಿಗೆ ಎಷ್ಟು" ಎಂಬ ನಿಮ್ಮ ಪ್ರಶ್ನೆಗೆ, ಅಧಿಸೂಚಿತ ಬೆಲೆಯ ಒಳಗೆ ರಾಯಲ್ಟಿ ಎಂದು ಏನೂ ಇಲ್ಲ ಎಂಬುದೇ ಉತ್ತರ. ಅಂಗಡಿಯವರು ಗರಿಷ್ಠ ದರಕ್ಕಿಂತ ಮೇಲೆ ಕೇಳಿದರೆ ಅದು ಮಾನ್ಸಾಂಟೋಗೆ ಹೋಗುವ ದುಡ್ಡಲ್ಲ, ಅವರ ಗಲ್ಲಾಪೆಟ್ಟಿಗೆಗೆ ಹೋಗುವುದು.

ರಾಯಲ್ಟಿ ಹೋದರೂ ಬೆಲೆ ಏಕೆ ಇಳಿಯಲಿಲ್ಲ? ನಿಮ್ಮದೇ ಜಿಲ್ಲೆಯ ರಾಣೆಬೆನ್ನೂರು ಸೀಮೆಯಲ್ಲಿ ಹೈಬ್ರಿಡ್ ಬೀಜ ತಯಾರಿಸುವ ಕ್ರಾಸಿಂಗ್ ಹೊಲಗಳನ್ನು ನೋಡಿದರೆ ತಿಳಿಯುತ್ತದೆ. ಮಧ್ಯಾಹ್ನ ಮೂರರ ಮೇಲೆ ಹೆಣ್ಣುಸಾಲಿನಲ್ಲಿ ಮರುದಿನ ಅರಳಬೇಕಾದ ಮೊಗ್ಗನ್ನು ಹುಡುಕಿ, ಹೆಬ್ಬೆರಳ ಉಗುರಿನಿಂದ ಎಸಳು ಮತ್ತು ಕೇಸರದ ಕೊಳವೆಯನ್ನು ಒಟ್ಟಿಗೆ ಸುಲಿದು ತೆಗೆಯಬೇಕು. ಉಗುರು ಒಂದೆಳೆ ಆಳಕ್ಕೆ ಹೋದರೆ ಕಾಯಿಗೇ ಗಾಯ, ಮೂರನೇ ದಿನ ಉದುರುತ್ತದೆ. ಒಂದು ಕೇಸರ ಉಳಿದರೆ ಆ ಕಾಳು ಹೈಬ್ರಿಡ್ ಅಲ್ಲ, ತಾಯಿಯದೇ ಪ್ರತಿರೂಪ. ಮರುದಿನ ಬೆಳಿಗ್ಗೆ ಗಂಡು ಹೂವು ತಂದು ಅದಕ್ಕೆ ಸವರಬೇಕು. ಒಂದು ಗಂಡು ಹೂವು ಐದಾರು ಹೆಣ್ಣಿಗೆ ಸಾಕಾಗುತ್ತದೆ. ಒಂದು ಪ್ಯಾಕೆಟ್ಟಿಗೆ ಸುಮಾರು ಐದು ಸಾವಿರ ಕಾಳು ಬೇಕು, ಕಾಯಿಗೆ 25 ಒಳ್ಳೆಯ ಕಾಳು ಹಿಡಿದರೂ ಇನ್ನೂರು ಕಾಯಿ. ಕೈಯಾಡಿಸಿದ ಹೂವೆಲ್ಲ ಕಾಯಿ ಕಟ್ಟುವುದಿಲ್ಲವಾದ್ದರಿಂದ ಹೂವಿನ ಲೆಕ್ಕ ಇನ್ನೂ ದೊಡ್ಡದು. ಇದೆಲ್ಲ ಹೆಣ್ಣಾಳುಗಳ ಕೂಲಿ. ನೇರ ತಳಿಯ ಬೀಜಕ್ಕೆ ಈ ಖರ್ಚು ಒಂದು ಪೈಸೆಯೂ ಇಲ್ಲ.

ಒಟ್ಟು ಲೆಕ್ಕದಲ್ಲಿ 901 ರೂಪಾಯಿ ದೊಡ್ಡ ಹೊರೆಯಲ್ಲ ಎನ್ನಿಸಬಹುದು. ಎಕರೆಗೆ ಎಂಟು ಕ್ವಿಂಟಲ್ ಬಂದು, ಬಿಡಿಸುವ ಕೂಲಿ ಕೆ.ಜಿ.ಗೆ ಹತ್ತು ರೂಪಾಯಿ ಹಿಡಿದರೂ ಅದೇ ಎಂಟು ಸಾವಿರ. ಹೊರೆ ಇರುವುದು ಬೇರೆ ಕಡೆ. ಹೈಬ್ರಿಡ್ ದೀರ್ಘಾವಧಿಯದು, ದೂರದೂರ ಹಾಕಬೇಕು, ಗೊಬ್ಬರ ಹೆಚ್ಚು ಬೇಡುತ್ತದೆ. ಮಳೆ ಕೈಕೊಟ್ಟ ವರ್ಷ ಕಾಯಿ ಕಟ್ಟುವ ಹೊತ್ತಿಗೆ ಎರೆಮಣ್ಣಿನ ಹಸಿ ಮುಗಿದಿರುತ್ತದೆ. ದೇಶದ ಹತ್ತಿ ಇಳುವರಿ ಬಿಟಿ ಬಂದ ಹೊಸದರಲ್ಲಿ ಹೆಕ್ಟೇರಿಗೆ ಸುಮಾರು 300 ಕೆ.ಜಿ. ಅರಳೆಯಿಂದ 2007-08ಕ್ಕೆ 550ರ ಆಸುಪಾಸಿಗೆ ಏರಿದ್ದು ಸುಳ್ಳಲ್ಲ. ಅದರಲ್ಲಿ ಬಿಟಿಯ ಪಾಲಿದೆ, ಗುಜರಾತಿನ ನೀರಾವರಿಯ ಪಾಲೂ ಇದೆ. ಆಮೇಲೆ ಅದು ಇಳಿದು ನಿಂತಿದೆ, ಕೀಟನಾಶಕದ ಖರ್ಚು ಮತ್ತೆ ಏರಿದೆ.

ನ್ಯಾಯವೇ ಎಂದು ಕೇಳಿದ್ದೀರಿ

ಪೇಟೆಂಟ್ ಪರವಾದ ವಾದದಲ್ಲಿ ತಿರುಳಿಲ್ಲದೆ ಇಲ್ಲ. ಸಂಶೋಧನೆಗೆ, ಸುರಕ್ಷತಾ ಪರೀಕ್ಷೆಗೆ ವರ್ಷಗಟ್ಟಲೆ ಹಣ ಹಾಕಿದವರಿಗೆ ಮರಳಿ ಬರದಿದ್ದರೆ ಮುಂದೆ ಯಾರೂ ಹಾಕುವುದಿಲ್ಲ. ಪೇಟೆಂಟಿಗೆ ಎರಡು ಒಳ್ಳೆಯ ಗುಣಗಳಿವೆ: ಇಪ್ಪತ್ತು ವರ್ಷಕ್ಕೆ ಮುಗಿಯುತ್ತದೆ, ವಿಧಾನವನ್ನು ಬರೆದು ಬಹಿರಂಗಪಡಿಸಬೇಕು. ಹೈಬ್ರಿಡ್‌ನ ಬೀಗಕ್ಕೆ ಈ ಎರಡೂ ಇಲ್ಲ. ಗಂಡು-ಹೆಣ್ಣು ತಳಿ ಯಾವುದೆಂದು ಕಂಪನಿ ಹೇಳಬೇಕಾಗಿಲ್ಲ, ಅವಧಿಯೂ ಇಲ್ಲ. ಬೀಜ ಹೋರಾಟದವರು ಪೇಟೆಂಟನ್ನು ಬೈದಷ್ಟು ಇದನ್ನು ಬೈದದ್ದು ಕಡಿಮೆ.

ವಿರುದ್ಧದ ವಾದ ಇನ್ನೂ ಗಟ್ಟಿ ಎಂಬುದು ನನ್ನ ಅಭಿಪ್ರಾಯ. ಟ್ರ್ಯಾಕ್ಟರ್ ಕೊಂಡರೆ ಅದು ಮರಿ ಹಾಕುವುದಿಲ್ಲ. ಬೀಜದ ಕೆಲಸವೇ ಬೀಜ ಮಾಡುವುದು. ಒಂದೆರಡು ವಂಶವಾಹಿ ಸೇರಿಸಿದವರು, ಉಳಿದ ಸಾವಿರಾರು ವಂಶವಾಹಿಗಳನ್ನು ತಲೆತಲಾಂತರದಿಂದ ಆರಿಸಿಕೊಂಡು ಬಂದ ರೈತರ, ವಿಶ್ವವಿದ್ಯಾಲಯಗಳ ದುಡಿಮೆಯ ಮೇಲೂ ಹಿಡಿತ ಸಾಧಿಸುತ್ತಾರೆ. ಬಿಟಿ ಬದನೆಯಲ್ಲಿ ಇದು ಎದುರೆದುರೇ ಬಂತು. ಮಾಳಾಪುರ ಲೋಕಲ್, ಉಡುಪಿ ಲೋಕಲ್‌ನಂಥ ನಮ್ಮ ನಾಟಿ ತಳಿಗಳಿಗೆ ಆ ವಂಶವಾಹಿ ಸೇರಿಸಲಾಗಿತ್ತು. 2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಮಿತಿಗಳ ಒಪ್ಪಿಗೆ ಪಡೆದಿಲ್ಲ ಎಂಬ ದೂರಿನ ಮೇಲೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ 2011ರಲ್ಲಿ ಕಾನೂನು ಕ್ರಮಕ್ಕೆ ನಿರ್ಧರಿಸಿತು. ವಂಶವಾಹಿಗೆ ಒಡೆಯರಿದ್ದರೆ ತಳಿಗೂ ಇರಬೇಕಲ್ಲ ಎಂಬುದು ಅಲ್ಲಿನ ಪ್ರಶ್ನೆ.

ನಮ್ಮ ಕಾನೂನಿನ ಚೌಕಟ್ಟು ಕಾಗದದ ಮೇಲೆ ಸರಿಯಾಗಿಯೇ ಇದೆ. ಸೋತದ್ದು ಸರ್ಕಾರಿ ಸಂಶೋಧನೆ. ಬಿಕಾನೇರಿ ನರ್ಮಾ ಬಿಟಿ ಎಂಬ ನೇರ ತಳಿಯನ್ನು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೂಡಿ ತಂದವು. 2008ರಲ್ಲಿ ಅನುಮೋದನೆ, 2009ರಲ್ಲಿ ರೈತರ ಕೈಗೆ. ಬೀಜ ಉಳಿಸಿ ಬಿತ್ತಬಹುದಾದ ಬಿಟಿ ಹತ್ತಿ. ಆದರೆ ಬೀಜದಲ್ಲಿ ಮಾನ್ಸಾಂಟೋದ ಬಿಜಿ-1 ಘಟಕ ಬೆರೆತಿದೆ ಎಂದು ಕಂಡುಬಂದು ಉತ್ಪಾದನೆ ನಿಂತಿತು, ತನಿಖೆಗೆ ನೇಮಕವಾದ ಸೋಪೋರಿ ಸಮಿತಿ ಅದನ್ನು ದೃಢಪಡಿಸಿತು. ಬಿಜಿ-1ಕ್ಕೆ ಇಲ್ಲಿ ಪೇಟೆಂಟ್ ಇಲ್ಲದಿದ್ದುದರಿಂದ ಅದನ್ನೇ ನೇರ ತಳಿಗೆ ಬಹಿರಂಗವಾಗಿ ಸೇರಿಸಬಹುದಿತ್ತು. ಲುಧಿಯಾನಾದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಪಿಎಯು ಬಿಟಿ-1 ತಳಿಯಲ್ಲಿ ಅದನ್ನು ಮಾಡಿತು, ಅಷ್ಟರಲ್ಲಿ ಗುಲಾಬಿ ಕಾಯಿಕೊರಕ ಆ ವಿಷವನ್ನು ದಾಟಿಯಾಗಿತ್ತು.

ನಿಮ್ಮ ಆರು ಎಕರೆಗೆ ಏನು ಮಾಡಬಹುದು

ಬಿಲ್ ಇಲ್ಲದ ಕಳೆನಾಶಕ ಸಹಿಷ್ಣು ಬೀಜವನ್ನು ಮುಟ್ಟಬೇಡಿ. ಇಲ್ಲಿ ತೊಡಕು ಪೇಟೆಂಟಿನದಲ್ಲ. ಅದಕ್ಕೆ ಅನುಮೋದನೆಯೇ ಇಲ್ಲ. ಮಹಿಕೋ 2016ರಲ್ಲಿ ತನ್ನ ಅರ್ಜಿಯನ್ನು ಹಿಂದಕ್ಕೆ ಪಡೆಯಿತು, ಆಮೇಲೆ ಕಳ್ಳಬೀಜ ಹಬ್ಬಿತು. ಅನುಮೋದನೆ ಇಲ್ಲದ ಕುಲಾಂತರಿ ಬೀಜದ ಮಾರಾಟ, ಬಳಕೆ 1986ರ ಪರಿಸರ ಸಂರಕ್ಷಣಾ ಕಾಯ್ದೆ ಮತ್ತು 1989ರ ನಿಯಮಗಳ ಉಲ್ಲಂಘನೆ. ಇಲ್ಲಿ 39ನೇ ಕಲಂ ನಿಮ್ಮ ನೆರವಿಗೆ ಬರುವುದಿಲ್ಲ. ಮೊಳಕೆ ಬರದಿದ್ದರೆ ಕೇಳಲು ಬಿಲ್ ಇಲ್ಲ, ಲಾಟ್ ನಂಬರ್ ಇಲ್ಲ. ಆ ಪೊಟ್ಟಣದಲ್ಲಿ ಹಲವೊಮ್ಮೆ ಇರುವುದು ಯಾರದೋ ಹೊಲದ ಎರಡನೇ ಪೀಳಿಗೆಯ ಕಾಳು, ಬಣ್ಣ ಬಳಿದದ್ದು. ಗ್ಲೈಫೋಸೇಟ್ ಕಳೆನಾಶಕ ಹೊಡೆದರೆ ಸಾಲಿನ ನಡುವಿನ ಮೆಣಸಿನಕಾಯಿ, ಈರುಳ್ಳಿಯೂ ಹೋಗುತ್ತದೆ. ಸಂಜೆಗಾಳಿಗೆ ತೇಲಿ ಪಕ್ಕದವರ ಹೊಲಕ್ಕೆ ಬಿದ್ದರೆ ಆ ಜಗಳ ಬೇರೆ.

ಮೂರು ನಾಲ್ಕು ಎಕರೆಗೆ ಬಿಜಿ-2 ಹೈಬ್ರಿಡನ್ನೇ ಮುಂದುವರಿಸಿ, ಆದರೆ ಬೇಗ ಬರುವ ಅವಧಿಯದನ್ನು ಆರಿಸಿ, ಡಿಸೆಂಬರ್ ಒಳಗೆ ಬೆಳೆ ಮುಗಿಸಿ. ಈಗಿನ 475 ಗ್ರಾಂ ಪ್ಯಾಕೆಟ್ಟಿನಲ್ಲಿ ಬಿಟಿಯಲ್ಲದ ಕಾಳು ಶೇ. 5ರಿಂದ 10 ಬೆರೆಸಿಯೇ ಬರುತ್ತದೆ, ಕೆಲವು ಗಿಡಕ್ಕೆ ಹುಳ ಬಿದ್ದರೆ ನಕಲಿ ಎಂದು ಗಾಬರಿಯಾಗಬೇಡಿ. ವಾಸನೆಯಿಂದ ಪತಂಗಗಳನ್ನು ಸೆಳೆಯುವ ಮೋಹಕ ಬಲೆ ಕಟ್ಟಿ. ಒಂದು ಬಲೆಗೆ ದಿನಕ್ಕೆ ಎಂಟು ಪತಂಗದಂತೆ ಸತತ ಮೂರು ದಿನ ಬಿದ್ದರೆ ಔಷಧದ ಹೊತ್ತು ಬಂತೆಂದು ತಿಳಿಯಿರಿ.

ಉಳಿದ ಒಂದೆರಡು ಎಕರೆಗೆ ನೇರ ತಳಿ ಹಾಕಿ ನೋಡಿ. ಧಾರವಾಡದ ಸಹನಾ ಇದೆ. ಎರೆಭೂಮಿಗೆ ಒಗ್ಗಿದ ಜಯಧರ್ ಇದೆ. ಜಯಧರ್ ಬರ ತಡೆಯುತ್ತದೆ, ರಸ ಹೀರುವ ಕೀಟಕ್ಕೆ ಅಷ್ಟಾಗಿ ಬಗ್ಗುವುದಿಲ್ಲ, ಆದರೆ ಎಳೆ ಗಿಡ್ಡ, ಕೊಳ್ಳುವವರು ಕಡಿಮೆ. ಬಿತ್ತುವ ಮೊದಲೇ ನಿಮ್ಮ ಎಪಿಎಂಸಿಯಲ್ಲಿ ಯಾರು ಕೊಳ್ಳುತ್ತಾರೆ ಎಂದು ಕೇಳಿಕೊಳ್ಳಿ. ಸಹನಾಗೆ ಕಾಯಿಕೊರಕದ ಕಾವಲು ನೀವೇ ಕಾಯಬೇಕು. ಇವುಗಳ ಬೀಜ ಉಳಿಸಬಹುದು. ಪಕ್ಕದ ಹತ್ತಿ ಹೊಲದಿಂದ 50 ಮೀಟರ್ ದೂರದ, ಹೊಲದ ನಡುವಿನ ಗಿಡಗಳನ್ನು ಗುರುತಿಟ್ಟು, ಎರಡನೇ ಬಿಡಿಕೆಯ ಒಳ್ಳೆಯ ಕಾಯನ್ನು ಬೇರೆ ಇಡಿ. ಜಿನ್ನಿಂಗ್‌ಗೆ ದೊಡ್ಡ ಮಿಲ್ಲಿಗೆ ಕೊಟ್ಟರೆ ಬೇರೆ ಕಾಳು ಬೆರೆಯುತ್ತದೆ. ಕೈಯಲ್ಲೋ ಸಣ್ಣ ಯಂತ್ರದಲ್ಲೋ ಬಿಡಿಸಿ. ತೇವ ಶೇ. 10ಕ್ಕಿಂತ ಕೆಳಗಿರಬೇಕು. ನೂರು ಕಾಳು ಮೊಳೆಗಿಟ್ಟು 65 ಮೊಳೆಯದಿದ್ದರೆ ಬಿತ್ತಬೇಡಿ. ಕಾಳಿನ ಮೇಲಿನ ನವಿರು ತೆಗೆಯಲು ಕೆ.ಜಿ.ಗೆ 100 ಮಿ.ಲೀ. ಗಂಧಕಾಮ್ಲ ಬಳಸುವ ಕ್ರಮವಿದೆ: ಪ್ಲಾಸ್ಟಿಕ್ ಬಕೆಟ್, ಕಟ್ಟಿಗೆಯ ಕೋಲು, ಎರಡು ಮೂರು ನಿಮಿಷ, ಆಮೇಲೆ ಐದಾರು ಸಲ ತೊಳೆದು ತೇಲಿದ ಕಾಳು ಚೆಲ್ಲುವುದು. ಆಮ್ಲ ಚರ್ಮ, ಕಣ್ಣು ಸುಡುತ್ತದೆ. ಕೈಗವಸು, ಕನ್ನಡಕ ಇಲ್ಲದಿದ್ದರೆ ಅದರ ತಂಟೆಗೆ ಹೋಗದೆ ಸಗಣಿ-ಕೆಮ್ಮಣ್ಣಿನಲ್ಲಿ ಉಜ್ಜಿ ಒಣಗಿಸಿ.

ಹೈಬ್ರಿಡ್ ಪ್ಯಾಕೆಟ್ ಕೊಂಡಾಗ ಬಿಲ್ಲಿನಲ್ಲಿ ತಳಿಯ ಹೆಸರು, ಲಾಟ್ ನಂಬರ್ ಬರೆಸಿಕೊಳ್ಳಿ. ಖಾಲಿ ಪ್ಯಾಕೆಟ್, ಟ್ಯಾಗ್ ಮತ್ತು ಒಂದು ಹಿಡಿ ಕಾಳನ್ನು ಬೆಳೆ ಮುಗಿಯುವವರೆಗೂ ಇಟ್ಟುಕೊಳ್ಳಿ. ಬೀಜ ಕೈಕೊಟ್ಟರೆ, ಬೆಳೆ ಹೊಲದಲ್ಲಿ ಇರುವಾಗಲೇ ರೈತ ಸಂಪರ್ಕ ಕೇಂದ್ರಕ್ಕೆ ಬರಹದಲ್ಲಿ ದೂರು ಕೊಟ್ಟು ಸ್ಥಳ ತನಿಖೆ ಮಾಡಿಸಿ, ವರದಿಯ ಪ್ರತಿ ಪಡೆಯಿರಿ. ಎಷ್ಟೋ ಪ್ರಕರಣಗಳು ಬಿದ್ದುಹೋಗುವುದು ಗಿಡ ಕಿತ್ತು ಹರಗಿದ ಮೇಲೆ ದೂರು ಕೊಟ್ಟದ್ದರಿಂದ. ನೋಂದಾಯಿತ ತಳಿಯಾದರೆ, ಹೇಳಿದಷ್ಟು ಫಲ ಬರಲಿಲ್ಲವೆಂದು ತಳಿ ಕಾಯ್ದೆಯ 39(2)ರಡಿ ಪ್ರಾಧಿಕಾರದ ಮುಂದೆ ಪರಿಹಾರ ಕೇಳಬಹುದು. ಗ್ರಾಹಕ ಆಯೋಗಕ್ಕೂ ಹೋಗಬಹುದು. ಬೀಜ ಕೊಂಡ ರೈತ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿದೆ. ಅಲ್ಲಿಗೆ ಹೋಗಲು ಎರಡು ವರ್ಷದ ಗಡುವಿದೆ.